ಹಳೆಯ ಸೇನಾ ಪಿಸ್ತೂಲು ಕೊಳ್ಳುವ ಮುನ್ನ: ಅಮೆರಿಕದಲ್ಲಿರುವ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಮಹಾಯುದ್ಧಗಳಲ್ಲೂ ಆನಂತರದ ಶೀತಲ ಸಮರದ ವರ್ಷಗಳಲ್ಲೂ ಸೈನಿಕರ ಸೊಂಟದಲ್ಲಿದ್ದ ಪಿಸ್ತೂಲು, ರಿವಾಲ್ವರುಗಳನ್ನು ಅಮೆರಿಕದಲ್ಲಿ ಇಂದಿಗೂ ಕಾನೂನಿಗೆ ಒಳಪಟ್ಟು ಕೊಳ್ಳಬಹುದು, ಜೋಪಾನ ಮಾಡಬಹುದು, ಗುರಿಯಂಗಳಕ್ಕೆ ಒಯ್ದು ಹಾರಿಸಲೂಬಹುದು. ಈ ಹವ್ಯಾಸಕ್ಕೆ ಹೊಸದಾಗಿ ಬರುವವರು ನನ್ನನ್ನು ಕೇಳುವ ಪ್ರಶ್ನೆಗಳು ಬಹುಪಾಲು ಒಂದೇ ಆಗಿರುವುದರಿಂದ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ಯಾವ ಪಿಸ್ತೂಲು ಚೆನ್ನ ಎಂಬುದು ಎಲ್ಲರೂ ಮೊದಲು ಕೇಳುವ ಪ್ರಶ್ನೆ. ಆದರೆ ಅದಕ್ಕೂ ಮೊದಲು ತೀರ್ಮಾನವಾಗಬೇಕಾದ ಸಂಗತಿಗಳು ಬೇರೆ ಇವೆ, ಹಾಗಾಗಿ ಅಲ್ಲಿಂದಲೇ ಆರಂಭಿಸುತ್ತೇನೆ.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಪಿಸ್ತೂಲು ಕೊಳ್ಳಬಹುದೇ?

ಸಾಮಾನ್ಯವಾಗಿ ಇಲ್ಲ. ವಲಸೆಯೇತರ ವೀಸಾದ ಮೇಲೆ ದೇಶಕ್ಕೆ ಬಂದವರು ಬಂದೂಕನ್ನಾಗಲಿ ತೋಟೆಗಳನ್ನಾಗಲಿ ತಮ್ಮ ಬಳಿ ಇಟ್ಟುಕೊಳ್ಳುವುದನ್ನು ಅಮೆರಿಕದ ಒಕ್ಕೂಟ ಕಾನೂನು ನಿಷೇಧಿಸುತ್ತದೆ. ಎಚ್-1ಬಿ, ಎಚ್-4, ಎಲ್-1, ಎಫ್-1 ಮತ್ತು ಪ್ರವಾಸಿ ವೀಸಾಗಳು ಇದರೊಳಗೆ ಬರುತ್ತವೆ. ಗುರಿಯಂಗಳದಲ್ಲಿ ಬಾಡಿಗೆಗೆ ಪಡೆದ ಪಿಸ್ತೂಲನ್ನು ಹಿಡಿಯುವುದಕ್ಕೂ ಇದೇ ನಿಷೇಧ ಅನ್ವಯಿಸುತ್ತದೆ ಎಂಬುದನ್ನು ಅನೇಕರು ಅರಿಯದೆ ತೊಂದರೆಗೆ ಸಿಲುಕುತ್ತಾರೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಇರುವವರಿಗೆ ವಿನಾಯಿತಿ ಉಂಟು. ಆದರೆ ಅದನ್ನು ನೆಚ್ಚುವ ಮೊದಲು ಈ ವಿಷಯ ತಿಳಿದ ವಕೀಲರನ್ನು ಕಾಣುವುದು ಅಗತ್ಯ, ಏಕೆಂದರೆ ಇಲ್ಲಿ ಎಡವಿದರೆ ಜೈಲಿನ ಜೊತೆಗೆ ವೀಸಾ ಕೂಡ ಕೈತಪ್ಪುತ್ತದೆ. ಗ್ರೀನ್ ಕಾರ್ಡ್ ಪಡೆದ ಖಾಯಂ ನಿವಾಸಿಗಳಿಗೆ ಈ ಅಡ್ಡಿ ಇಲ್ಲ. ಅವರು ನಾಗರಿಕರಂತೆಯೇ ಕೊಳ್ಳಬಹುದು.

ಇದಕ್ಕೆ ಹೊಂದಿಕೊಂಡ ಎರಡು ಮಾತುಗಳಿವೆ. ಗ್ರೀನ್ ಕಾರ್ಡ್ ಇರುವ ಗೆಳೆಯ ತನ್ನ ಹೆಸರಿನಲ್ಲಿ ಕೊಂಡು ವೀಸಾದಲ್ಲಿರುವ ಗೆಳೆಯನಿಗೆ ಕೊಡುವುದು ಸ್ನೇಹದ ನೆರವಲ್ಲ, ಅದು ಇಬ್ಬರನ್ನೂ ಸೆರೆಮನೆಗೆ ಕಳಿಸಬಲ್ಲ ಅಪರಾಧ. ಎರಡನೆಯದಾಗಿ, ಗಂಡ ಖಾಯಂ ನಿವಾಸಿಯಾಗಿದ್ದು ಹೆಂಡತಿ ಇನ್ನೂ ವೀಸಾದಲ್ಲಿದ್ದರೆ, ಅಥವಾ ಹೆಂಡತಿ ಖಾಯಂ ನಿವಾಸಿಯಾಗಿದ್ದು ಗಂಡ ವೀಸಾದಲ್ಲಿದ್ದರೆ, ತಿಜೋರಿಯ ಕೀಲಿಯಾಗಲಿ ಸಂಖ್ಯೆಯಾಗಲಿ ವೀಸಾದಲ್ಲಿರುವವರಿಗೆ ಸಿಗಬಾರದು. ಕೈಗೆಟುಕುವಂತಿದ್ದರೆ ಅದು ಅವರ ವಶದಲ್ಲೇ ಇದೆ ಎಂದು ಕಾನೂನು ಪರಿಗಣಿಸಬಹುದು. ಗ್ರೀನ್ ಕಾರ್ಡಿಗಾಗಿ ಕಾಯುತ್ತಿರುವವರು ಆ ವರ್ಷಗಳನ್ನು ಕಲಿಕೆಗೆ ಬಳಸಿಕೊಳ್ಳಲಿ. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯಲ್ಲಿ, ವಯೋಮಿಂಗ್‌ನ ಕೋಡಿ ಬಂದೂಕು ವಸ್ತುಸಂಗ್ರಹಾಲಯದಲ್ಲಿ ಒಂದಿಡೀ ದಿನ ಕಳೆದವರ ಕಣ್ಣು, ಮುಂದೆ ಮಾರಾಟದ ಮೇಜಿನ ಮುಂದೆ ನಿಂತಾಗ ಸುಲಭಕ್ಕೆ ಮೋಸಹೋಗುವುದಿಲ್ಲ.

ಕೊಳ್ಳುವ ಕ್ರಮ ಹೇಗಿರುತ್ತದೆ?

ಪರವಾನಗಿ ಪಡೆದ ವ್ಯಾಪಾರಿಯಿಂದ ಪಿಸ್ತೂಲು ಕೊಳ್ಳಲು 21 ವರ್ಷ ತುಂಬಿರಬೇಕು. ಅಂಗಡಿಯಲ್ಲಿ ಬಂದೂಕು ಕಾನೂನುಗಳನ್ನು ಜಾರಿಗೊಳಿಸುವ ಒಕ್ಕೂಟ ಸರ್ಕಾರದ ಸಂಸ್ಥೆ ಎಟಿಎಫ್‌ನ, 4473 ಎಂಬ ಸಂಖ್ಯೆಯ ನಮೂನೆಯನ್ನು ತುಂಬಬೇಕು. ಸಂಖ್ಯೆ ಹೇಳಿದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ನಂತರ 1998ರ ನವೆಂಬರಿನಿಂದ ಜಾರಿಯಲ್ಲಿರುವ ರಾಷ್ಟ್ರೀಯ ವ್ಯವಸ್ಥೆಯ ಮೂಲಕ ನಿಮ್ಮ ಹಿನ್ನೆಲೆಯ ತಪಾಸಣೆ ನಡೆಯುತ್ತದೆ. ನಮೂನೆಯಲ್ಲಿ ಸುಳ್ಳು ಬರೆಯುವುದು ಸ್ವತಃ ಒಂದು ಅಪರಾಧ. ಬೇರೆ ರಾಜ್ಯದಲ್ಲಿರುವ ಮಾರಾಟಗಾರನಿಂದ ಹರಾಜಿನಲ್ಲೋ ಅಂತರಜಾಲದಲ್ಲೋ ಕೊಂಡರೆ, ಆ ಪಿಸ್ತೂಲು ನೇರವಾಗಿ ನಿಮ್ಮ ಮನೆಗೆ ಬರುವಂತಿಲ್ಲ. ನಿಮ್ಮ ರಾಜ್ಯದ ಪರವಾನಗಿದಾರ ವ್ಯಾಪಾರಿಯ ಬಳಿಗೆ ಬಂದು, ಅಲ್ಲಿ ಮೇಲಿನ ಕ್ರಮ ಮುಗಿದ ಬಳಿಕ ನಿಮ್ಮ ಕೈ ಸೇರುತ್ತದೆ.

‘ಸಿ ಅಂಡ್ ಆರ್’ ಪರವಾನಗಿ ಎಂದರೇನು? ಅದನ್ನು ಪಡೆಯುವುದು ಲಾಭದಾಯಕವೇ?

‘ಕ್ಯೂರಿಯೋ ಅಂಡ್ ರೆಲಿಕ್’ ಎಂಬ ವರ್ಗದ ಬಂದೂಕುಗಳನ್ನು ಸಂಗ್ರಹಿಸುವವರಿಗಾಗಿ ಎಟಿಎಫ್ ಕೊಡುವ ಪರವಾನಗಿ ಅದು. 03ನೆಯ ಬಗೆಯ ಪರವಾನಗಿ ಎಂದೂ ಕರೆಯುತ್ತಾರೆ. ಮೂಲ ರೂಪದಲ್ಲೇ ಉಳಿದು 50 ವರ್ಷ ದಾಟಿದ ಬಂದೂಕುಗಳು ಈ ವರ್ಗಕ್ಕೆ ಸೇರುತ್ತವೆ, ಆದರೆ ಹಳೆಯದರ ಹೊಸ ಪ್ರತಿಕೃತಿಗಳು ಸೇರುವುದಿಲ್ಲ. ಮೂರು ವರ್ಷಕ್ಕೆ 30 ಡಾಲರ್ ಶುಲ್ಕ. ಅರ್ಜಿಯ ಪ್ರತಿಯೊಂದನ್ನು ನಿಮ್ಮ ಊರಿನ ಪೊಲೀಸ್ ಮುಖ್ಯಸ್ಥರಿಗೂ ಕಳಿಸಬೇಕು. ಪರವಾನಗಿ ದೊರೆತ ಮೇಲೆ, ಈ ವರ್ಗದ ಬಂದೂಕುಗಳನ್ನು ಬೇರೆ ರಾಜ್ಯಗಳಿಂದಲೂ ನೇರವಾಗಿ ನಿಮ್ಮ ವಿಳಾಸಕ್ಕೆ ತರಿಸಿಕೊಳ್ಳಬಹುದು.

ಇದರ ಜೊತೆಗೆ ಬರುವ ಕರ್ತವ್ಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಂದ ಮತ್ತು ಹೋದ ಪ್ರತಿಯೊಂದು ಬಂದೂಕನ್ನೂ ಕಟ್ಟುಹಾಕಿದ ಪುಸ್ತಕದಲ್ಲಿ ನಿಗದಿತ ಅಂಕಣಗಳಲ್ಲಿ ದಾಖಲಿಸಬೇಕು, ಮತ್ತು ಎಟಿಎಫ್ ವರ್ಷಕ್ಕೊಮ್ಮೆ ಆ ಪುಸ್ತಕವನ್ನು ತಪಾಸಣೆ ಮಾಡಬಹುದು. ಇದು ಸಂಗ್ರಹದ ಪರವಾನಗಿಯೇ ಹೊರತು ವ್ಯಾಪಾರದ ಪರವಾನಗಿಯಲ್ಲ. ಲಾಭಕ್ಕಾಗಿ ಕೊಂಡು ಮಾರುವುದನ್ನು ಕಸುಬಾಗಿಸಿಕೊಂಡರೆ ಕಾನೂನು ಮುರಿದಂತೆ. ವರ್ಷಕ್ಕೆ ಎರಡು ಮೂರು ಪಿಸ್ತೂಲು ಕೊಳ್ಳುವ ಉದ್ದೇಶವುಳ್ಳವರಿಗೆ ಇದು ಉಪಯುಕ್ತ. ಜೀವಮಾನದಲ್ಲಿ ಒಂದೇ ಒಂದು ಸಾಕು ಎನ್ನುವವರಿಗೆ ಹತ್ತಿರದ ಅಂಗಡಿಯವರಿಗೆ ಕೊಡುವ ವರ್ಗಾವಣೆ ಶುಲ್ಕವೇ ಅಗ್ಗವಾದೀತು.

ರಾಜ್ಯಗಳ ಕಾನೂನು ಬೇರೆಯೇ?

ಹೌದು, ಬಹಳ ಬೇರೆ. ನ್ಯೂಯಾರ್ಕಿನಲ್ಲಿ ಪಿಸ್ತೂಲನ್ನು ಮನೆಯಲ್ಲಿಡಲೂ ಪರವಾನಗಿ ಬೇಕು, ನ್ಯೂಜೆರ್ಸಿಯಲ್ಲಿ ಕೊಳ್ಳುವುದಕ್ಕೇ ಅನುಮತಿಪತ್ರ ಪಡೆಯಬೇಕು, ಇಲಿನಾಯ್‌ನಲ್ಲಿ ಬಂದೂಕು ಮಾಲೀಕರ ಗುರುತಿನ ಚೀಟಿ ಬೇಕು, ಕ್ಯಾಲಿಫೋರ್ನಿಯಾದಲ್ಲಿ ಹತ್ತು ದಿನ ಕಾಯಬೇಕು. ನಿಮ್ಮ ರಾಜ್ಯದ ಈ ವರ್ಷದ ನಿಯಮವನ್ನು ಸರ್ಕಾರಿ ಪುಟದಲ್ಲೇ ಓದಿಕೊಳ್ಳಿ; ಗೆಳೆಯರು ಹೇಳಿದ ಹಳೆಯ ನಿಯಮವನ್ನು ನಂಬಬೇಡಿ.

ಸಂಗ್ರಹಕ್ಕೂ ಗುರಿ ಅಭ್ಯಾಸಕ್ಕೂ ಒಂದೇ ಪಿಸ್ತೂಲು ಸಾಕಾಗುವುದಿಲ್ಲವೇ?

ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವುದಾದರೆ ಇದನ್ನು ಓದಿ. ಎಲ್ಲ ಭಾಗಗಳೂ ಮೂಲದವೇ ಆಗಿ ಉಳಿದಿರುವ, ಮೇಲ್ಮೈಯ ಬಣ್ಣ ಮಾಸದಿರುವ ಪಿಸ್ತೂಲಿನ ಬೆಲೆ ಇರುವುದು ಅದರ ಅಖಂಡತೆಯಲ್ಲಿ. ಅಂಥದನ್ನು ಹಾರಿಸುತ್ತ ಹೋದರೆ ಒಂದಲ್ಲ ಒಂದು ದಿನ ಹಾರಿದ ತೋಟೆಯ ಖಾಲಿ ಕೋಶವನ್ನು ಹೊರಗೆಳೆಯುವ, ಎಂಬತ್ತು ವರ್ಷದ ಎಕ್ಸ್‌ಟ್ರಾಕ್ಟರೋ ತೋಟೆಗೆ ಬಡಿದು ಕಿಡಿ ಹೊತ್ತಿಸುವ ಫೈರಿಂಗ್ ಪಿನ್ನೋ ಮುರಿಯುತ್ತದೆ. ಬದಲಿ ಭಾಗ ಸಿಗುತ್ತದೆ, ಆದರೆ ಆ ಭಾಗದ ಮೇಲೆ ಕಾರ್ಖಾನೆ ಒತ್ತಿದ್ದ ಸಂಖ್ಯೆ ಸಿಗುವುದಿಲ್ಲ. ಬೆಲೆಯ ಬಹುಪಾಲು ಆ ಒಂದು ಏಟಿಗೆ ಇಳಿದುಹೋಗುತ್ತದೆ. ಅದಕ್ಕಿಂತಲೂ ನನಗೆ ದೊಡ್ಡದೆನಿಸುವುದು, ಎರಡು ಯುದ್ಧಗಳನ್ನು ದಾಟಿ ಬಂದ ಒಂದು ದಾಖಲೆ ನಮ್ಮ ಕೈಯಲ್ಲಿ ಹಾಳಾಯಿತೆಂಬುದು. ಆದ್ದರಿಂದ ಹಾರಿಸುವುದಕ್ಕೆಂದೇ ಬೇರೊಂದನ್ನು ಕೊಳ್ಳಿ: ಭಾಗಗಳ ಸಂಖ್ಯೆ ಹೊಂದದ, ಬಣ್ಣ ಬದಲಾಗಿರುವ, ಆದರೆ ಯಂತ್ರ ಗಟ್ಟಿಯಾಗಿರುವ ಪಿಸ್ತೂಲು. ಅದು ಅಗ್ಗ, ಹಾರಿಸುವಾಗ ಮನಸ್ಸಿಗೂ ನಿರಾಳ.

ಮೊದಲ ಖರೀದಿಗೆ ಯಾವುದನ್ನು ಸೂಚಿಸುತ್ತೀರಿ?

ಅಮೆರಿಕದಲ್ಲಿದ್ದು ಒಂದನ್ನೇ ಆರಿಸುವುದಾದರೆ .45 ಎಸಿಪಿ ಎಂಬ ಅಳತೆಯ ತೋಟೆಯ ಎಂ1911 ಅಥವಾ ಅದರ ತಿದ್ದಿದ ರೂಪ ಎಂ1911ಎ1; ಎರಡನ್ನೂ ಬರೀ ‘1911’ ಎನ್ನುವುದೂ ಉಂಟು. ಜಾನ್ ಮೋಸಸ್ ಬ್ರೌನಿಂಗ್ ರೂಪಿಸಿದ ಈ ಪಿಸ್ತೂಲನ್ನು ಅಮೆರಿಕದ ಸೇನೆ 1911ರಲ್ಲಿ ಅಂಗೀಕರಿಸಿತು, 1985ರಲ್ಲಿ ಬೆರೆಟ್ಟಾ ಎಂ9 ಬರುವವರೆಗೂ ಅದೇ ಅಧಿಕೃತ ಪಿಸ್ತೂಲಾಗಿತ್ತು. ತೋಟೆ, ಸ್ಪ್ರಿಂಗ್, ತೋಟೆ ತುಂಬುವ ಮ್ಯಾಗಜೀನ್ ಎಲ್ಲವೂ ಇಂದಿಗೂ ಹೊಸದಾಗಿ ತಯಾರಾಗುತ್ತಿರುವುದರಿಂದ ಹಾರಿಸುವವರಿಗೆ ಇಷ್ಟು ಅನುಕೂಲದ ಹಳೆಯ ಪಿಸ್ತೂಲು ಇನ್ನೊಂದಿಲ್ಲ.

ಇದರ ತಯಾರಕರ ಕಥೆಯೇ ಒಂದು ಸೊಗಸು. ಎರಡನೆಯ ಮಹಾಯುದ್ಧದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಪಿಸ್ತೂಲುಗಳನ್ನು ಮಾಡಿ ಎಲ್ಲರಿಗಿಂತ ಮುಂದಿದ್ದ ರೆಮಿಂಗ್ಟನ್ ರ‍್ಯಾಂಡ್ ಬೆರಳಚ್ಚು ಯಂತ್ರಗಳ ಕಂಪನಿ. ಯೂನಿಯನ್ ಸ್ವಿಚ್ ಅಂಡ್ ಸಿಗ್ನಲ್ ರೈಲ್ವೆ ಸಂಕೇತಗಳನ್ನು ಮಾಡುತ್ತಿದ್ದ ಕಂಪನಿ. ನಮ್ಮ ಅಜ್ಜಿಯರ ಹೊಲಿಗೆ ಯಂತ್ರದ ಮೇಲೆ ಹೆಸರು ಕಾಣುತ್ತಿದ್ದ ಸಿಂಗರ್ ಕಂಪನಿ 1941ರಲ್ಲಿ ಬರೀ 500 ಪಿಸ್ತೂಲು ಮಾಡಿ ನಿಲ್ಲಿಸಿತು. ಹಾಗಾಗಿಯೇ ಸಿಂಗರ್ ಎಂದು ಹೆಸರು ಹೊತ್ತು ಮಾರಾಟಕ್ಕೆ ಬರುವುದರಲ್ಲಿ ನಕಲಿಯ ಭಯ ಹೆಚ್ಚು, ಪರಿಣತರ ಲಿಖಿತ ಅಭಿಪ್ರಾಯವಿಲ್ಲದೆ ಅದರತ್ತ ಕೈ ಚಾಚಬೇಡಿ.

ಗಮನಿಸಬೇಕಾದ ಒಂದು ವ್ಯತ್ಯಾಸವಿದೆ. 1911ರ ಭಾಗಗಳನ್ನು ಯಾವುದಕ್ಕೆ ಯಾವುದನ್ನು ಹಾಕಿದರೂ ಕೂಡುವಂತೆ ಮಾಡಿದ್ದರಿಂದ ಸರಣಿ ಸಂಖ್ಯೆ ಹಿಡಿಕೆಯನ್ನೊಳಗೊಂಡ ಕೆಳಗಿನ ಚೌಕಟ್ಟಾದ ಫ್ರೇಮಿನ ಮೇಲೆ ಮಾತ್ರ ಇರುತ್ತದೆ. ಆದ್ದರಿಂದ ನೋಡಬೇಕಾದದ್ದು ಫ್ರೇಮು, ಹಾರಿಸಿದಾಗ ಹಿಂದೆ ಸರಿಯುವ ಮೇಲ್ಭಾಗವಾದ ಸ್ಲೈಡು ಮತ್ತು ನಳಿಕೆ ಒಂದೇ ತಯಾರಕರ, ಒಂದೇ ಕಾಲದ ಗುರುತುಗಳನ್ನು ಹೊತ್ತಿವೆಯೇ ಎಂಬುದನ್ನು. ರೆಮಿಂಗ್ಟನ್ ರ‍್ಯಾಂಡಿನ ಮೇಲೆ ಪರಿವೀಕ್ಷಕ ಫ್ರಾಂಕ್ ಜೆ. ಅಟ್‌ವುಡ್ ಅವರ ‘ಎಫ್‌ಜೆಎ’ ಮುದ್ರೆ ಇರಬೇಕು. ಯುದ್ಧಕಾಲದ ರೆಮಿಂಗ್ಟನ್ ರ‍್ಯಾಂಡಿಗೆ ಬೂದುಹಸಿರು ಛಾಯೆಯ ಪಾರ್ಕರೈಸ್ ಲೇಪ ಕೊಟ್ಟಿದ್ದರು. ನೀಲಿಯಾಗಿ ಮಿರಮಿರ ಮಿಂಚುವ ಒಂದು ಎದುರಾದರೆ ಯಾರೋ ಮತ್ತೆ ಬಣ್ಣ ಕೊಟ್ಟಿದ್ದಾರೆಂದೇ ತಿಳಿಯಿರಿ. ಆಗಸ್ಟಾ ಅಥವಾ ರಾಕ್ ಐಲೆಂಡ್ ಶಸ್ತ್ರಾಗಾರದ ಮುದ್ರೆಯಿದ್ದರೆ ಸೇನೆಯೇ ಅದನ್ನು ಬಿಚ್ಚಿ ಮರುಜೋಡಿಸಿದೆ ಎಂದರ್ಥ, ಅದು ಕಳಂಕವಲ್ಲ. ಮೊದಲ ಮಹಾಯುದ್ಧದ ಕಾಲದ ಸ್ಲೈಡುಗಳ ಉಕ್ಕು ಮಾತ್ರ ಮೃದು; ಅವು ಬಿರುಕು ಬಿಡುತ್ತವೆ. ಆ ಕಾಲದ್ದನ್ನು ಹಾರಿಸದೆ ಇಟ್ಟುಕೊಳ್ಳುವುದೇ ಲೇಸು.

ಸರ್ಕಾರವೇ 1911 ಮಾರುತ್ತದೆಯಂತೆ, ನಿಜವೇ?

ಸರ್ಕಾರವಲ್ಲ, ಸಂಸತ್ತಿನ ಅನುಮತಿಯಡಿ ಸೇನೆಯ ಹೆಚ್ಚುವರಿ ಪಿಸ್ತೂಲುಗಳನ್ನು ಪಡೆದು ಮಾರುವ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಎಂಬ ಸಂಸ್ಥೆ. ಎಲ್ಲರೂ ಸಿಎಂಪಿ ಎನ್ನುತ್ತಾರೆ. 2018ರಲ್ಲಿ ಮೊದಲ ಸುತ್ತಿನ ಅರ್ಜಿಗಳನ್ನು ಅಂಚೆಯಲ್ಲಿ ಕರೆದು, ಲಾಟರಿಯಂತೆ ಸಂಖ್ಯೆ ಎತ್ತಿ, ಸ್ಥಿತಿಗನುಗುಣವಾಗಿ ಸರ್ವೀಸ್, ಫೀಲ್ಡ್, ರ‍್ಯಾಕ್ ಎಂಬ ಮೂರು ದರ್ಜೆಗಳಲ್ಲಿ ಕ್ರಮವಾಗಿ 1,050, 950 ಮತ್ತು 850 ಡಾಲರಿಗೆ ಕೊಟ್ಟರು. ನಂತರದ ಸುತ್ತುಗಳ ಬೆಲೆಯನ್ನು ಅವರ ಪ್ರಕಟಣೆಯಲ್ಲೇ ನೋಡಿಕೊಳ್ಳಿ. ಹಾರಿಸುವ ಉದ್ದೇಶಕ್ಕೆ ಇವು ಯೋಗ್ಯ: ಬೇರೆ ಬೇರೆ ತಯಾರಕರ ಭಾಗಗಳು ಬೆರೆತಿರುತ್ತವೆ, ಆದರೆ ಮಾರುವ ಮೊದಲು ಪರೀಕ್ಷಿಸಿರುತ್ತಾರೆ, ಮತ್ತು ಎಲ್ಲಿಂದ ಬಂತು ಎಂಬ ಅನುಮಾನವೇ ಉಳಿಯುವುದಿಲ್ಲ.

ಲೂಗರ್ ಕೊಳ್ಳುವಾಗ ಎಲ್ಲರೂ ಸಂಖ್ಯೆಗಳ ಬಗ್ಗೆ ಮಾತಾಡುವುದೇಕೆ?

ಜರ್ಮನ್ ಸೇನೆ 1908ರಲ್ಲಿ ಅಂಗೀಕರಿಸಿದ ಪಿ08 ಪಿಸ್ತೂಲಿನ, ಅಂದರೆ ಲೂಗರಿನ, ಭಾಗಗಳನ್ನು ಒಂದೊಂದಾಗಿ ಕೈಯಿಂದ ಹೊಂದಿಸುತ್ತಿದ್ದರು. ಒಂದರ ಭಾಗ ಇನ್ನೊಂದಕ್ಕೆ ಬೆರೆಯದಿರಲೆಂದು ಫ್ರೇಮು, ನಳಿಕೆಗಳ ಮೇಲೆ ಪೂರ್ಣ ಸಂಖ್ಯೆಯನ್ನೂ ಸಣ್ಣ ಭಾಗಗಳ ಮೇಲೆ ಕೊನೆಯ ಎರಡು ಅಂಕಿಗಳನ್ನೂ ಒತ್ತುತ್ತಿದ್ದರು. ಎಲ್ಲವೂ ಹೊಂದಿದರೆ ಕಾರ್ಖಾನೆಯಿಂದ ಹೊರಟಂತೆಯೇ ಉಳಿದಿದೆ ಎಂದು ನಂಬಲು ಆಧಾರವಿರುತ್ತದೆ. ಮ್ಯಾಗಜೀನಿನ ಸಂಖ್ಯೆಯೂ ಕೂಡಿಬಂದರೆ ಬೆಲೆ ಇನ್ನೂ ಏರುತ್ತದೆ.

ಏರುವ ಬೆಲೆಯೇ ಮೋಸಕ್ಕೂ ದಾರಿ. ನಾನು ಈ ಹವ್ಯಾಸದ ಎರಡನೆಯ ವರ್ಷ ಕೊಂಡ ಲೂಗರಿನಲ್ಲಿ ಎಲ್ಲ ಅಂಕಿಗಳೂ ಹೊಂದಿದ್ದವು. ಮನೆಗೆ ತಂದು ಭೂತಗನ್ನಡಿಯಲ್ಲಿ ನೋಡಿದಾಗ ಪಕ್ಕದ ಮುಚ್ಚಳವಾದ ಸೈಡ್‌ಪ್ಲೇಟಿನ ಮೇಲಿನ ‘7’ ಬೇರೆಡೆಯ ‘7’ಗಿಂತ ತುಸು ದಪ್ಪವಾಗಿತ್ತು, ಅದರ ಸುತ್ತಲ ಲೋಹವನ್ನು ಉಜ್ಜಿ ತಗ್ಗಿಸಿದ್ದೂ ಕಾಣಿಸಿತು. ಮಾರಿದವರು ಹಿಂದಕ್ಕೆ ಪಡೆಯಲಿಲ್ಲ. ಅಂದಿನಿಂದ ಹಣ ಕೊಡುವ ಮೊದಲೇ ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಪ್ರತಿಯೊಂದು ಅಂಕಿಯ ಆಕಾರ, ಆಳ, ಅಂಚುಗಳನ್ನು ನೋಡುತ್ತೇನೆ. ಅಂಕಿಯ ಸುತ್ತ ಲೋಹ ತಗ್ಗಾಗಿದ್ದರೆ, ಅಥವಾ ಅಂಕಿಯ ತಳದಲ್ಲಿ ಹೊಸ ಬಣ್ಣ ಕಂಡರೆ, ಅಲ್ಲಿಗೆ ಮಾತು ಮುಗಿಸಿ.

ಪಿ38 ಲೂಗರಿಗಿಂತ ಅಗ್ಗವಲ್ಲವೇ?

ಲೂಗರಿನ ಬಳಿಕ ಜರ್ಮನ್ ಸೇನೆ ಬಳಕೆಗೆ ತಂದ ಪಿ38 ಅಗ್ಗವೂ ಹೌದು, ಹಾರಿಸಲು ಸರಳವೂ ಹೌದು. ಅದರ ಮೇಲೆ ಒತ್ತಿದ ತಯಾರಕರ ಸಂಕೇತಗಳಲ್ಲಿ ‘ಎಸಿ’ ವಾಲ್ಥರ್, ‘ಬಿವೈಎಫ್’ ಮೌಸರ್, ‘ಸಿವೈಕ್ಯೂ’ ಸ್ಪ್ರೀವೆರ್ಕ್ ಕಾರ್ಖಾನೆಯದು. ಸೋವಿಯತ್ ಸೇನೆ ವಶಪಡಿಸಿಕೊಂಡು, ಭಾಗಗಳನ್ನು ಬೆರೆಸಿ, ಮರುಬಣ್ಣ ಕೊಟ್ಟು ಉಗ್ರಾಣದಲ್ಲಿಟ್ಟಿದ್ದ ಪಿ38ಗಳು ನಂತರ ದೊಡ್ಡ ಸಂಖ್ಯೆಯಲ್ಲಿ ಆಮದಾದವು. ಸಂಗ್ರಾಹಕರು ಅವುಗಳ ಕಡೆ ನೋಡುವುದಿಲ್ಲ, ಗುರಿಕಾರರಿಗೆ ಅವೇ ಒಳ್ಳೆಯ ಆಯ್ಕೆ. ಯುದ್ಧಾನಂತರ ಪಶ್ಚಿಮ ಜರ್ಮನಿಯ ಸೇನೆಗಾಗಿ ಮಾಡಿದ ಅಲ್ಯೂಮಿನಿಯಂ ಫ್ರೇಮಿನ ಪಿ1 ಕೂಡ ಹಾಗೆಯೇ. ಹೀಗೆ ಆಮದಾದವುಗಳ ಮೇಲೆ ಆಮದುದಾರರ ಹೆಸರು, ಊರು ಕೊರೆದಿರುತ್ತದೆ. ಆ ಗುರುತು ಇಲ್ಲದ, ಸೈನಿಕರೊಬ್ಬರು ತಾವೇ ಮನೆಗೆ ತಂದ ಪಿಸ್ತೂಲಿಗೆ, ಅದರಲ್ಲೂ ಅಂದಿನ ಅನುಮತಿ ಕಾಗದ ಜೊತೆಗಿದ್ದರೆ, ಹೆಚ್ಚು ಬೆಲೆ. ಆದರೆ ಕಾಗದವಿಲ್ಲದ ಕಥೆಗೆ ಒಂದು ಡಾಲರನ್ನೂ ಹೆಚ್ಚು ಕೊಡಬೇಡಿ.

ಟೋಕರೆವ್, ಮಕರೊವ್, ನಾಗಾಂತ್, ಸಿಜೆಡ್ 52 ಇವುಗಳ ಬಗ್ಗೆ ಏನು ಹೇಳುತ್ತೀರಿ?

ಪೂರ್ವ ಯುರೋಪಿನ ಈ ನಾಲ್ಕೂ ಗಟ್ಟಿಮುಟ್ಟು, ಆದರೆ ಪ್ರತಿಯೊಂದಕ್ಕೂ ತನ್ನದೇ ಎಚ್ಚರಿಕೆ ಉಂಟು. ಟೋಕರೆವಿನ ಮೂಲ ರೂಪದಲ್ಲಿ ಆಕಸ್ಮಿಕವಾಗಿ ಗುಂಡು ಹಾರದಂತೆ ಕೈಯಿಂದ ಹಾಕುವ ಸೇಫ್ಟಿ ಇರಲಿಲ್ಲ. ಅಮೆರಿಕಕ್ಕೆ ತರುವಾಗ ಸೇರಿಸಿದ್ದು ಅದು. ನಳಿಕೆಯಲ್ಲಿ ತೋಟೆಯಿಟ್ಟು ಅದನ್ನು ನೆಚ್ಚಬೇಡಿ. ಮಕರೊವ್ ಹಾರಿಸುವುದು 9×18 ಮಿ.ಮೀ. ತೋಟೆ, ಜರ್ಮನಿಯ 9×19 ಅಲ್ಲ. ನಾಗಾಂತ್ ಏಳು ಗುಂಡಿನ ರಿವಾಲ್ವರ್. ಕುದುರೆ ಎಳೆದಾಗ ಅದರ ಸಿಲಿಂಡರ್ ಮುಂದೆ ಸರಿದು ನಳಿಕೆಗೆ ಅಂಟಿಕೊಳ್ಳುವ ಚಮತ್ಕಾರವನ್ನು ನೋಡಲೆಂದೇ ಒಂದು ಇಟ್ಟುಕೊಳ್ಳಬಹುದು, ಆದರೆ ಕುದುರೆ ಅಷ್ಟು ಬಿಗಿಯಾದ್ದರಿಂದ ಗುರಿ ಕಲಿಯುವವರಿಗೆ ಅಲ್ಲ. ಸಿಜೆಡ್ 52ರ ಫೈರಿಂಗ್ ಪಿನ್ ಪೆಡಸು, ತೋಟೆಯಿಲ್ಲದೆ ಕುದುರೆ ಎಳೆದರೆ ಮುರಿಯುತ್ತದೆ. ಸುತ್ತಿಗೆಯನ್ನು ಇಳಿಸುವ ಅದರ ಸೇಫ್ಟಿ ಸವೆದಿದ್ದರೆ ಇಳಿಸುವಾಗಲೇ ಗುಂಡು ಹಾರಬಹುದು. ಆ ಸೌಲಭ್ಯವನ್ನು ತೋಟೆ ತುಂಬಿದಾಗ ಎಂದೂ ಬಳಸಬೇಡಿ.

ವೆಬ್ಲಿ ರಿವಾಲ್ವರ್ ಬೇಕೆಂದಿದ್ದೇನೆ. ಯಾವ ತೋಟೆ ಹಾಕಬೇಕು?

ಬ್ರಿಟಿಷ್ ಭಾರತದ ಸೇನೆಯ ಜೊತೆ ನಂಟಿರುವುದರಿಂದ ನಮ್ಮವರಿಗೆ ವೆಬ್ಲಿಯ ಮೇಲೆ ವಿಶೇಷ ಒಲವು, ನನಗೂ ಇದೆ. ಆದ್ದರಿಂದಲೇ ಈ ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. 1915ರ ಮಾರ್ಕ್ 6 ವೆಬ್ಲಿ .455 ತೋಟೆಗಾಗಿ ರೂಪುಗೊಂಡದ್ದು. ಅಮೆರಿಕಕ್ಕೆ ಬಂದ ಅನೇಕ ವೆಬ್ಲಿಗಳ ಸಿಲಿಂಡರಿನ ಹಿಂಬದಿಯನ್ನು ತರಿದು, ಸುಲಭವಾಗಿ ಸಿಗುವ .45 ಎಸಿಪಿ ತೋಟೆ ಕೂರುವಂತೆ ಮಾಡಿದ್ದಾರೆ. ತೋಟೆ ಕೂರುತ್ತದೆ ಎಂದ ಮಾತ್ರಕ್ಕೆ ಹಾರಿಸಬಹುದೆಂದು ತಿಳಿಯಬಾರದು: ಅಂಗಡಿಯಲ್ಲಿ ಸಿಗುವ ಸಾಮಾನ್ಯ .45 ಎಸಿಪಿಯ ಒತ್ತಡ ಆ ಸಿಲಿಂಡರನ್ನು ರೂಪಿಸಿದ ಮಿತಿಗಿಂತ ಬಹಳ ಹೆಚ್ಚು, ಸಿಲಿಂಡರ್ ಒಡೆದರೆ ಹೋಗುವುದು ನಿಮ್ಮ ಬೆರಳು, ಕಣ್ಣು. ತರಿಯದೆ ಉಳಿದ ವೆಬ್ಲಿಯನ್ನು ಹುಡುಕಿ ಕೊಂಡು ಅದಕ್ಕೆ .455 ತೋಟೆಯನ್ನೇ ಹಾಕಿ. ನಂತರದ ಎನ್‌ಫೀಲ್ಡ್ ನಂ. 2 ರಿವಾಲ್ವರಿಗೆ .38 ಎಸ್ ಅಂಡ್ ಡಬ್ಲ್ಯು ತೋಟೆ, ಹೆಸರಿನಲ್ಲಿ ಹೋಲುವ.38 ಸ್ಪೆಷಲ್ ಬೇರೆಯೇ ತೋಟೆ.

ಕೈಗೆತ್ತಿಕೊಂಡಾಗ ಏನೇನು ನೋಡಬೇಕು?

ಮೊದಲು ಮಾಲೀಕರ ಅನುಮತಿ ಕೇಳಿ, ಮ್ಯಾಗಜೀನ್ ತೆಗೆದು, ಸ್ಲೈಡ್ ಎಳೆದು, ನಳಿಕೆ ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ. ಆಮೇಲೆ ನಳಿಕೆಯೊಳಕ್ಕೆ ಬೆಳಕು ಬಿಟ್ಟು ನೋಡಿ. ಒಳಗಿನ ಸುರುಳಿಗೆರೆಗಳು ಚೂಪಾಗಿದ್ದರೆ ಸಣ್ಣಪುಟ್ಟ ಕಪ್ಪು ಚುಕ್ಕೆಗಳಿಂದ ಗುರಿಗೆ ತೊಂದರೆಯಿಲ್ಲ, ಆದರೆ ಉಂಗುರದಂತೆ ಉಬ್ಬಿದ ಗುರುತು ಕಂಡರೆ ಒಳಗೆ ಗುಂಡು ಸಿಕ್ಕಿಕೊಂಡಿದ್ದಾಗ ಇನ್ನೊಂದು ಹಾರಿಸಿದ್ದಾರೆಂದು ಅರ್ಥ, ಅಂಥ ನಳಿಕೆ ಬೇಡ. ನಳಿಕೆಯ ಬಾಯಂಚು ಜಖಂಗೊಂಡಿದ್ದರೆ ಗುರಿ ಕೆಡುತ್ತದೆ. ಖಾಲಿ ಕೋಶ ಹೊರಬೀಳುವ ಸ್ಲೈಡಿನ ಕಿಟಕಿಯ ಮೂಲೆಗಳಲ್ಲೂ ಫ್ರೇಮಿನ ಹಳಿಗಳಲ್ಲೂ ಕೂದಲೆಳೆಯ ಬಿರುಕಿಗಾಗಿ ಮಸೂರ ಹಿಡಿಯಿರಿ. ಹಿಡಿಕೆಯ ಪಟ್ಟಿ ಬಿಚ್ಚಲು ಒಪ್ಪಿದರೆ ಬಿಚ್ಚಿಸಿ ನೋಡಿ. ಹೊರಗೆ ಚೆಂದವಿದ್ದು ಅದರಡಿ ತುಕ್ಕು ತಿಂದಿರುವುದು ಸಾಮಾನ್ಯ.

ಪಿ38, ಸಿಜೆಡ್ 52ರಂಥ ಪಿಸ್ತೂಲುಗಳಿಗೆ ಸರಳವಾದ ಒಂದು ಪರೀಕ್ಷೆ ಇದೆ. ಖಾಲಿ ಪಿಸ್ತೂಲಿನ ಸುತ್ತಿಗೆಯನ್ನು ಏರಿಸಿ, ನಳಿಕೆಯೊಳಗೆ ಪೆನ್ಸಿಲೊಂದನ್ನು ಅದರ ರಬ್ಬರ್ ತುದಿ ಒಳಗಾಗುವಂತೆ ಇಳಿಬಿಟ್ಟು, ಪಿಸ್ತೂಲನ್ನು ಮೇಲ್ಮುಖವಾಗಿ ಹಿಡಿದು ಸೇಫ್ಟಿಯಿಂದ ಸುತ್ತಿಗೆ ಇಳಿಸಿ. ಪೆನ್ಸಿಲು ಮಿಸುಕಬಾರದು. ಜಿಗಿದರೆ ಭಾಗಗಳು ಸವೆದಿವೆ. ಕೊಂಡ ಬಳಿಕ ಹಾರಿಸುವ ಮುನ್ನ ಬಂದೂಕು ದುರಸ್ತಿಗಾರರಿಂದ ಒಮ್ಮೆ ಪರೀಕ್ಷೆ ಮಾಡಿಸಿ, ಸ್ಲೈಡನ್ನು ಮತ್ತೆ ಮುಂದಕ್ಕೆ ತರುವ ರಿಕಾಯಿಲ್ ಸ್ಪ್ರಿಂಗನ್ನು ಹೊಸದಕ್ಕೆ ಬದಲಾಯಿಸಿ. ಹಳೆಯ ಸ್ಪ್ರಿಂಗನ್ನು ಬಿಸಾಡದೆ ಚೀಟಿ ಬರೆದು ಎತ್ತಿಡಿ.

ಹಳೆಯ ಸೇನಾ ತೋಟೆಗಳನ್ನು ಬಳಸಬಹುದೇ?

ಬಳಸಬಹುದು, ಆದರೆ ಅವುಗಳಲ್ಲಿ ಅನೇಕವು ನಳಿಕೆಯನ್ನು ತಿನ್ನುತ್ತವೆ. ಮದ್ದಿಗೆ ಕಿಡಿ ಕೊಡುವ ಹಳೆಯ ಪ್ರೈಮರುಗಳಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಉರಿದಾಗ ಒಳಗೆ ಉಪ್ಪು ಉಳಿಯುತ್ತದೆ, ಆ ಉಪ್ಪು ಗಾಳಿಯ ತೇವ ಹೀರಿ ಬೇಗನೆ ತುಕ್ಕು ಹಿಡಿಸುತ್ತದೆ. ಎಣ್ಣೆ ಉಪ್ಪನ್ನು ಕರಗಿಸದು, ನೀರು ಮಾತ್ರ ಕರಗಿಸುತ್ತದೆ. ಆದ್ದರಿಂದ ಅದೇ ಸಂಜೆ ನಳಿಕೆಯನ್ನೂ ಮದ್ದಿನ ಹೊಗೆ ತಾಕಿದ ಇತರ ಭಾಗಗಳನ್ನೂ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಬಳಿಕ ಎಣ್ಣೆ ಸವರಿ. ಹೊಸ ತೋಟೆಗಳಲ್ಲಾದರೆ ಸಾಮಾನ್ಯ ಒತ್ತಡದವನ್ನೇ ಕೊಳ್ಳಿ. ಪೆಟ್ಟಿಗೆಯ ಮೇಲೆ ಹೆಚ್ಚಿನ ಒತ್ತಡವನ್ನು ಸೂಚಿಸುವ ‘ಪ್ಲಸ್ ಪಿ’ ಎಂದಿರುವುದು ಹಳೆಯ ಪಿಸ್ತೂಲಿಗೆ ಬೇಡ.

ಮಾಸಿದ ಪಿಸ್ತೂಲಿಗೆ ಹೊಸ ಬಣ್ಣ ಕೊಡಿಸಬಹುದೇ?

ದಯವಿಟ್ಟು ಬೇಡ. ತುಕ್ಕು ಹರಡದಂತೆ ಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ ಬಿಡಿ.

ಎಷ್ಟು ನಿಖರವಾಗಿ ಹಾರಿಸಬಹುದು? ಸ್ಪರ್ಧೆಗಳಿವೆಯೇ?

ಸೇನೆ ಕೊಟ್ಟ ರೂಪದಲ್ಲೇ ಇರುವ 1911ರಿಂದ 25 ಗಜದಲ್ಲಿ ನಾಲ್ಕೈದು ಅಂಗುಲದೊಳಗೆ ಗುಂಡುಗಳು ಕೂಡಿದರೆ ತೃಪ್ತಿಪಡಿ. ಅದರ ಗುರಿಕಣ್ಣುಗಳು ಚಿಕ್ಕವು. ಮುಂದಿನ ಕಣ್ಣಿನ ಮೇಲೆ ದೃಷ್ಟಿ ನೆಟ್ಟು, ಗುರಿಹಲಗೆಯನ್ನು ತುಸು ಮಸುಕಾಗಲು ಬಿಟ್ಟು, ಕುದುರೆಯನ್ನು ನಿಧಾನವಾಗಿ ಒತ್ತುವುದನ್ನು ಕಲಿಯಬೇಕು. ಮೊದಲ ತಿಂಗಳು 7 ಗಜದಿಂದ ಆಚೆಗೆ ಹೋಗಬೇಡಿ. ಸಿಎಂಪಿ ನಡೆಸುವ ಪಂದ್ಯಗಳಲ್ಲಿ ಮಾರ್ಪಾಡು ಮಾಡದ 1911ಗಳಿಗೆಂದೇ ಪ್ರತ್ಯೇಕ ಸ್ಪರ್ಧೆಯಿದೆ. ಒಹಾಯೋದ ಕ್ಯಾಂಪ್ ಪೆರಿಯಲ್ಲಿ ನಡೆಯುವ ರಾಷ್ಟ್ರೀಯ ಪಂದ್ಯಗಳನ್ನು ನೋಡಲಾದರೂ ಒಮ್ಮೆ ಹೋಗಿ ಬನ್ನಿ.

ಮನೆಯಲ್ಲಿ ಹೇಗೆ ಇಡಬೇಕು?

ಬೀಗ ಹಾಕಿದ ತಿಜೋರಿಯಲ್ಲಿ ಇಡಿ. ತೋಟೆಗಳು ಬೇರೆಡೆ, ಬೇರೆ ಬೀಗದಲ್ಲಿ ಇರಲಿ. ಮಕ್ಕಳಿರುವ ಮನೆಯಲ್ಲಿ ಇದಕ್ಕೆ ವಿನಾಯಿತಿ ಇಲ್ಲ, ಮಕ್ಕಳು ಆಡಲು ಬರುವ ಮನೆಯಲ್ಲೂ ಇಲ್ಲ. ಹಳೆಯ ಚರ್ಮದ ಚೀಲ ಎಷ್ಟೇ ಸುಂದರವಾಗಿದ್ದರೂ ಪಿಸ್ತೂಲನ್ನು ಅದರೊಳಗೆ ಇಡಬೇಡಿ. ಚರ್ಮ ಹೀರಿಕೊಂಡ ತೇವ ಮತ್ತು ಹದಮಾಡಿದ ರಾಸಾಯನಿಕ ಸೇರಿ ಲೋಹವನ್ನು ತಿನ್ನುತ್ತವೆ. ತಿಜೋರಿಯಲ್ಲಿ ಸಿಲಿಕಾ ಜೆಲ್ ಇರಲಿ, ಅದನ್ನು ಆಗಾಗ ಒಣಗಿಸಿ.

ಭಾರತಕ್ಕೆ ಮರಳುವಾಗ ಸಂಗ್ರಹವನ್ನು ಜೊತೆಗೆ ಒಯ್ಯಬಹುದೇ?

ಒಯ್ಯುವ ಆಸೆ ಬೇಡ. ಲೂಗರ್, ಪಿ38 ಬಳಸುವ 9 ಮಿ.ಮೀ. ತೋಟೆ ಭಾರತದಲ್ಲಿ ನಾಗರಿಕರಿಗೆ ನಿಷೇಧಿತ ವರ್ಗದ್ದು. ನಿಷೇಧವಿಲ್ಲದ ಬಂದೂಕಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು, ಮತ್ತು 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಮೆರಿಕದಿಂದ ಹೊರಕ್ಕೆ ಕಳಿಸಲೂ ಪ್ರತ್ಯೇಕ ನಿಯಮಗಳಿವೆ. ಮರಳುವ ನಿರ್ಧಾರ ಮಾಡಿದವರು ಆರು ತಿಂಗಳು ಮೊದಲೇ ವ್ಯಾಪಾರಿಯ ಮೂಲಕ ಮಾರಾಟಕ್ಕೆ ಇಡುವುದು, ಅಥವಾ ಕಾನೂನುಬದ್ಧ ಅರ್ಹತೆಯಿರುವ ಮಕ್ಕಳ ಹೆಸರಿಗೆ ವರ್ಗಾಯಿಸುವುದು ಒಳ್ಳೆಯದು.

ರಜೆಗೆಂದು ಊರಿಗೆ ಹೋಗುವವರೂ ಒಂದು ವಿಷಯ ನೆನಪಿಡಬೇಕು. ಗುರಿಯಂಗಳಕ್ಕೆ ಒಯ್ದ ಚೀಲವನ್ನೇ ಪ್ರಯಾಣಕ್ಕೂ ಬಳಸಿ, ಅದರ ಮೂಲೆಯ ಜೇಬಿನಲ್ಲಿ ಒಂದೇ ಒಂದು ತೋಟೆ ಉಳಿದುಹೋಗಿದ್ದರೂ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಶಸ್ತ್ರಾಸ್ತ್ರ ಕಾಯ್ದೆಯಡಿ ಮೊಕದ್ದಮೆ ದಾಖಲಾಗಬಹುದು. ಮರೆತೆನೆಂಬ ಉತ್ತರ ಅಲ್ಲಿ ನಿಮ್ಮನ್ನು ಆ ದಿನದ ವಿಮಾನಕ್ಕೆ ಹತ್ತಿಸುವುದಿಲ್ಲ. ಗುರಿಯಂಗಳಕ್ಕೆಂದು ಬೇರೆಯೇ ಚೀಲವಿಡಿ, ಅದನ್ನು ವಿಮಾನದ ಸಾಮಾನಿನ ಹತ್ತಿರಕ್ಕೂ ತರಬೇಡಿ.